ಆನೆಯಷ್ಟು ಮೈ, ಆಮೆಯಂಥ ಬಾಯಿ: ಲಿಸೊವಿಸಿಯಾ ಯಾವ ಲೆಕ್ಕದಲ್ಲಿ ನಮ್ಮ ನೆಂಟ?

ಪ್ರಶ್ನೆ: ನನ್ನ ಮಗಳು ಮೂರನೇ ಕ್ಲಾಸು. ಜಾತ್ರೆಯಲ್ಲಿ ಒಂದು ಪ್ಯಾಕೆಟ್ ಡೈನೋಸಾರ್ ಆಟಿಕೆ ಕೊಡಿಸಿದ್ದೆ. ಅದರಲ್ಲಿ ಒಂದು ವಿಚಿತ್ರ ಪ್ರಾಣಿ ಇದೆ. ಘೇಂಡಾಮೃಗದ ಮೈ, ಆಮೆಯ ಬಾಯಿ, ಎರಡು ಕೋರೆ. ಹುಡುಕಿದಾಗ ಇದು ‘ಡೈಸಿನೊಡಾಂಟ್’ ಅನ್ನುವ ಗುಂಪಿನದು ಅಂತ ಗೊತ್ತಾಯಿತು. ಇದೇ ಗುಂಪಿನ ಲಿಸೊವಿಸಿಯಾ ಆನೆಯಷ್ಟಿತ್ತಂತೆ. ಆದರೆ ಡೈನೋಸಾರ್ ಅಲ್ಲವಂತೆ, ನಮ್ಮಂಥ ಸಸ್ತನಿಗಳ ನೆಂಟನಂತೆ! ಬಾಯಲ್ಲಿ ಕೊಕ್ಕಿರುವ ಪ್ರಾಣಿ ಯಾವ ಲೆಕ್ಕದಲ್ಲಿ ನಮ್ಮ ನೆಂಟ? ನಾವು ಅದರಿಂದ ಬಂದವರಾ? ನಮ್ಮ ಕಡೆ ಇಂಥದ್ದರ ಮೂಳೆ ಸಿಗುತ್ತದಾ?
— ದಾವಣಗೆರೆಯ ಓದುಗರೊಬ್ಬರು

ಉತ್ತರ: ಮೊದಲು ಆಟಿಕೆಯ ವಿಷಯ ಮುಗಿಸೋಣ. ಪ್ಯಾಕೆಟ್ ಮೇಲೆ ಡೈನೋಸಾರ್ ಅಂತ ಬರೆದಿದ್ದಕ್ಕೆ ಅಂಗಡಿಯವನ ಮೇಲೆ ಸಿಟ್ಟಾಗಬೇಡಿ. ಹಳೇ ಕಾಲದ ಯಾವ ಪ್ರಾಣಿಯಾದರೂ ಕೊನೆಗೆ ಆ ಪ್ಯಾಕೆಟ್‌ಗೇ ಬೀಳುತ್ತದೆ. ಮೈತುಂಬ ಕೂದಲಿರುವ ಮ್ಯಾಮತ್ ಆನೆಯನ್ನೂ ಅದರೊಳಗೆ ನೋಡಿದ್ದೇನೆ. ನಿಮ್ಮ ಮಗಳ ಕೈಲಿರುವುದು ಪ್ಲಾಸೀರಿಯಸ್ ಇರಬೇಕು. ಆಟಿಕೆ ಮಾಡುವವರಿಗೆ ಯಾಕೋ ಅದರ ಮೇಲೆ ಪ್ರೀತಿ ಜಾಸ್ತಿ. ಅದು ಅಮೆರಿಕದ ಅರಿಜೋನಾ ಕಡೆಯದು. ಲಿಸೊವಿಸಿಯಾ ಅದರದೇ ಬಳಗ. ಆದರೆ ಊರು ಪೋಲೆಂಡ್, ಗಾತ್ರ ಅದಕ್ಕಿಂತ ಬಹಳ ದೊಡ್ಡದು.

ಈಗ ನೆಂಟಸ್ತಿಕೆಗೆ ಬರೋಣ. ಒಂದು ಕೋಡುಬಳೆ ತಗೊಳ್ಳಿ. ಮಗಳ ಕೈಗೂ ಒಂದು ಕೊಡಿ. ಎರಡು ಬೆರಳನ್ನು ಕಣತಲೆಯ ಮೇಲೆ, ಅಂದರೆ ಕಣ್ಣಿನ ಹಿಂದೆ ಕಿವಿಗಿಂತ ಸ್ವಲ್ಪ ಮೇಲೆ ಇಟ್ಟುಕೊಂಡು ಕಟುಮ್ ಅಂತ ಕಚ್ಚಿ. ಬೆರಳ ಕೆಳಗೆ ಏನೋ ಉಬ್ಬಿ ಇಳಿಯಿತು, ಅಲ್ವಾ? ಅದು ದವಡೆ ಎಳೆಯುವ ಸ್ನಾಯು. ಈಗ ಬೆರಳನ್ನು ಹಾಗೇ ಕೆಳಗೆ ಜಾರಿಸಿ. ಕೆನ್ನೆಯಿಂದ ಕಿವಿ ಕಡೆಗೆ ಒಂದು ಮೂಳೆಯ ಪಟ್ಟಿ ಸಿಗುತ್ತದೆ. ಆ ಸ್ನಾಯು ಈ ಪಟ್ಟಿಯ ಒಳಮಗ್ಗುಲಿನಿಂದ ಕೆಳಗಿಳಿದು ದವಡೆಗೆ ಕಟ್ಟಿಕೊಂಡಿದೆ. ಅಂದರೆ ಪಟ್ಟಿಯ ಹಿಂದೆ ಒಂದು ತೂತು ಇದೆ. ತಲೆಬುರುಡೆಯ ಚಿತ್ರ ನೋಡಿದರೆ ಚೆನ್ನಾಗಿ ಕಾಣುತ್ತದೆ.

ಆ ತೂತೇ ನಮ್ಮ ಕುಲದ ಗುರುತು. ನೆಲದ ಮೇಲೆ ಮೊಟ್ಟೆಯಿಡಲು ಕಲಿತ ಪ್ರಾಣಿಗಳು ಸುಮಾರು 31–32 ಕೋಟಿ ವರ್ಷಗಳ ಹಿಂದೆ ಎರಡು ಮನೆಯಾದವು. ಒಂದು ಮನೆಯವರಿಗೆ ಕಣ್ಣಿನ ಹಿಂದೆ ಬುರುಡೆಯ ಒಂದೊಂದು ಬದಿಗೆ ಒಂದೇ ತೂತು. ಇವರು ಸಿನಾಪ್ಸಿಡ್‌ಗಳು. ಇನ್ನೊಂದು ಮನೆಯಲ್ಲಿ ಒಂದೊಂದು ಬದಿಗೆ ಎರಡೆರಡು ತೂತಿನ ಕವಲು ಬಂತು. ಹಲ್ಲಿ, ಹಾವು, ಮೊಸಳೆ, ಡೈನೋಸಾರ್, ಹಕ್ಕಿ ಎಲ್ಲ ಆ ಕವಲಿನವರು. (ಆಮೆಯ ಬುರುಡೆಯಲ್ಲಿ ಇಂಥ ತೂತೇ ಇಲ್ಲ. ಆದರೂ ಅದು ಆ ಕಡೆಯದೇ. ಆ ಜಗಳದ ಕಥೆ ಇನ್ನೊಂದು ದಿನಕ್ಕಿರಲಿ.) ಲಿಸೊವಿಸಿಯಾದ ಬಳಗದ ಯಾವ ಬುರುಡೆ ತೆಗೆದರೂ ಬದಿಗೊಂದೇ ತೂತು, ಅದೂ ಭಾರೀ ದೊಡ್ಡದು. ಆನೆ, ಹಸು, ನೀವು, ನಾನು, ನಿಮ್ಮ ಮಗಳು ಎಲ್ಲರೂ ಅದೇ ಒಂದು ತೂತಿನವರು.

ಹೊರಗಿನ ರೂಪ ನೋಡಿ ಕುಲ ಹೇಳಹೊರಟರೆ ಮೋಸ ಹೋಗುತ್ತೇವೆ. ಕೊಕ್ಕನ್ನೇ ನೋಡಿ. ಆಮೆಗೂ ಇದೆ, ಗಿಳಿಗೂ ಇದೆ, ಲಿಸೊವಿಸಿಯಾಕ್ಕೂ ಇತ್ತು. ಮೂರೂ ಬೇರೆ ಬೇರೆಯಾಗಿ ಗಳಿಸಿಕೊಂಡದ್ದು. ದವಡೆಯ ಅಂಚಿಗೆ ಉಗುರಿನಂಥ ಹೊದಿಕೆ ಬಂದರೆ ಕೊಕ್ಕಾಯಿತು, ಅಷ್ಟೇ. ಹಳೇ ಪುಸ್ತಕಗಳಲ್ಲಿ ಇವನ್ನು ‘ಸಸ್ತನಿಯಂಥ ಸರೀಸೃಪ’ ಅಂತ ಕರೆದಿದ್ದೂ ರೂಪ ನೋಡಿಯೇ. ನನ್ನ ಪ್ರಕಾರ ಆ ಹೆಸರು ಮಾಡಿದಷ್ಟು ಗೊಂದಲ ಇನ್ಯಾವುದೂ ಮಾಡಿಲ್ಲ. ಇವು ಸರೀಸೃಪದಿಂದ ಸಸ್ತನಿಯ ಕಡೆ ನಡೆದು ಬಂದವಲ್ಲ. ಮೊದಲಿನಿಂದಲೂ ನಮ್ಮ ಮನೆಯವೇ.

ಹಾಗಂತ ಇವು ನಮ್ಮ ಮುತ್ತಜ್ಜನಾ? ಅಲ್ಲ. ದಾಯಾದಿಗಳು. ಸುಮಾರು 27 ಕೋಟಿ ವರ್ಷದ ಆಸುಪಾಸಿನಲ್ಲಿ, ಪರ್ಮಿಯನ್ ಯುಗದಲ್ಲಿ, ನಮ್ಮ ಮನೆಯೊಳಗೇ ಹಲವು ಕವಲುಗಳಾದವು. ಅದರಲ್ಲಿ ಒಂದು ಡೈಸಿನೊಡಾಂಟ್‌ಗಳದ್ದು. ಇನ್ನೊಂದು ಸೈನೊಡಾಂಟ್‌ಗಳದ್ದು. ನಾವು ಈ ಎರಡನೆಯದರಿಂದ ಬಂದವರು. ಮುತ್ತಜ್ಜನ ಅಣ್ಣನ ಸಂತಾನ ಬೇರೆ ಊರಿಗೆ ಹೋಗಿ ದೊಡ್ಡ ಜಮೀನುದಾರರಾಗಿ, ಕೊನೆಗೆ ವಂಶವೇ ಇಲ್ಲದಂತಾದರೆ ಹೇಗೋ ಹಾಗೆ. ಅವರ ಆಸ್ತಿಯಲ್ಲಿ ನಮಗೇನೂ ಬಂದಿಲ್ಲ. ಮನೆತನದ ಚಹರೆ ಮಾತ್ರ ಎರಡೂ ಕಡೆ ಉಳಿದಿದೆ.

ಕೊಕ್ಕಿನ ಕೆಲಸದ ಬಗ್ಗೆ ಸ್ವಲ್ಪ ಹೇಳಲೇಬೇಕು. ಇವುಗಳ ಯಶಸ್ಸಿನ ಗುಟ್ಟು ಅಲ್ಲೇ ಇದೆ. ಹಸು ಮೆಲುಕು ಹಾಕುವುದನ್ನು ನೋಡಿದ್ದೀರಿ. ದವಡೆ ಅಡ್ಡಡ್ಡ ಆಡುತ್ತದೆ. ಡೈಸಿನೊಡಾಂಟ್‌ನ ಕೆಳದವಡೆ ಅಡ್ಡ ಆಡುತ್ತಿರಲಿಲ್ಲ, ಹಿಂದೆ ಮುಂದೆ ಜಾರುತ್ತಿತ್ತು. ದವಡೆ ಕೀಲಿನ ಕೆಳಗಿನ ಮೂಳೆ ಉದ್ದಕ್ಕಿದೆ. ಮೇಲಿನ ಮೂಳೆ ಅದರ ಮೇಲೆ ಹಳಿ ಮೇಲಿನ ಗಾಲಿಯ ಹಾಗೆ ಕೂತಿದೆ. ಪ್ರಾಣಿ ದವಡೆಯನ್ನು ಮುಂದೆ ಚಾಚಿ, ಸೊಪ್ಪನ್ನು ಹಿಡಿದು, ಜೋರಾಗಿ ಹಿಂದಕ್ಕೆ ಎಳೆಯುತ್ತಿತ್ತು. ಎಳೆಯುವಾಗಲೇ ಕತ್ತರಿಸುತ್ತಿತ್ತು. ಈಳಿಗೆಮಣೆ ಮುಂದೆ ಕೂತು ಹುರುಳಿಕಾಯಿ ಹೆಚ್ಚುವುದನ್ನು ನೆನಪಿಸಿಕೊಳ್ಳಿ. ಈಳಿಗೆ ಅಲ್ಲಾಡುವುದಿಲ್ಲ, ಕಾಯಿಯನ್ನು ಅದಕ್ಕೆ ಒತ್ತಿ ಎಳೆಯುತ್ತೇವೆ. ಇದೂ ಹಾಗೇ. ಮೇಲಿನ ಕೊಕ್ಕು ಈಳಿಗೆ. ಗಟ್ಟಿ ಎಲೆ, ಕಾಂಡ, ಬೇರು ಎಲ್ಲ ಇದಕ್ಕೆ ಸಿಕ್ಕರೆ ಚೂರು ಚೂರು. ಹಲ್ಲು ಸವೆಯಿತು ಅನ್ನುವ ಚಿಂತೆಯೂ ಇಲ್ಲ, ಕೊಕ್ಕು ಉಗುರಿನ ಹಾಗೆ ಬೆಳೆಯುತ್ತಲೇ ಇರುತ್ತದೆ.

ಆ ಕೀಲಿನ ಎರಡು ಮೂಳೆಗಳು ನಮ್ಮಲ್ಲಿ ಎಲ್ಲಿವೆ ಗೊತ್ತೇ? ಕಿವಿಯೊಳಗೆ. ನಮ್ಮ ಕವಲಿನಲ್ಲಿ ದವಡೆಗೆ ಹೊಸ ಕೀಲು ಬಂದಾಗ ಹಳೇ ಎರಡು ಮೂಳೆ ಚಿಕ್ಕದಾಗುತ್ತಾ ಹೋಗಿ ಕಿವಿಯ ಸುತ್ತಿಗೆ ಮೂಳೆ, ಅಡಿಗಲ್ಲು ಮೂಳೆ ಆದವು. ಲಿಸೊವಿಸಿಯಾ ಯಾವುದರಿಂದ ಸೊಪ್ಪು ಕತ್ತರಿಸುತ್ತಿತ್ತೋ ಅದರಿಂದಲೇ ನೀವು ಮಗಳ ಮಾತು ಕೇಳಿಸಿಕೊಳ್ಳುತ್ತೀರಿ.

ಇನ್ನು ಕೋರೆ. ಡೈಸಿನೊಡಾಂಟ್ ಅಂದರೆ ಗ್ರೀಕ್‌ನಲ್ಲಿ ‘ಎರಡು ನಾಯಿಹಲ್ಲು’. ನಾವು ಕೋರೆಹಲ್ಲು ಅನ್ನುತ್ತೇವಲ್ಲ, ಅದೇ. ದಕ್ಷಿಣ ಆಫ್ರಿಕಾದ ಕರೂ ಬಯಲಿನಲ್ಲಿ ರಸ್ತೆ ಮಾಡಿಸುತ್ತಿದ್ದ ಆಂಡ್ರ್ಯೂ ಗೆಡ್ಡಿಸ್ ಬೇನ್ ಅನ್ನುವವರು ಕಲ್ಲಿನೊಳಗಿನ ಬುರುಡೆಗಳನ್ನು ಲಂಡನ್‌ಗೆ ಕಳಿಸಿದರು. ರಿಚರ್ಡ್ ಓವನ್ 1845ರಲ್ಲಿ ಈ ಹೆಸರಿಟ್ಟರು. ಡೈನೋಸಾರ್ ಅನ್ನುವ ಪದವನ್ನು ಹುಟ್ಟಿಸಿದವರೂ ಇವರೇ, ಅದಕ್ಕಿಂತ ಮೂರು ವರ್ಷ ಮೊದಲು. ಎರಡು ಹೆಸರಿಗೂ ಅಪ್ಪ ಒಬ್ಬನೇ. ಮಕ್ಕಳು ಮಾತ್ರ ಇವತ್ತಿಗೂ ಆಟಿಕೆ ಪ್ಯಾಕೆಟ್‌ನಲ್ಲಿ ಬೆರೆತುಹೋಗುತ್ತಾರೆ.

ಕೋರೆ ಇದೆ ಅಂದಮೇಲೆ ಆನೆ ಕುಲವಾ ಅಂತ ಮಗಳು ಕೇಳಬಹುದು. ಆನೆಯ ದಂತ ಅದರ ಬಾಚಿಹಲ್ಲು. ಇವುಗಳದ್ದು ಕೋರೆಹಲ್ಲು. ಹಲ್ಲೇ ಬೇರೆ. ಆದರೂ ಒಂದು ಸ್ವಾರಸ್ಯ ಇದೆ. 2021ರಲ್ಲಿ ಮೇಗನ್ ವಿಟ್ನಿ ಮತ್ತು ಸಂಗಡಿಗರು ‘ದಂತ’ ಅಂದರೆ ಏನು ಅಂತ ಕಟ್ಟುನಿಟ್ಟಾಗಿ ಲೆಕ್ಕ ಹಾಕಿದರು. ಜೀವಮಾನವಿಡೀ ಬೆಳೆಯುತ್ತಿರಬೇಕು, ಬಾಯಿಂದ ಹೊರಗೆ ಬಂದಿರಬೇಕು, ಮೇಲೆ ಹೊಳಪಿನ ಎನಾಮೆಲ್ ಪದರ ಇರಬಾರದು. ಹೀಗೆ ನೋಡಿದಾಗ ಭೂಮಿಯ ಮೇಲೆ ಮೊದಲು ನಿಜವಾದ ದಂತ ಬಂದದ್ದು ಡೈಸಿನೊಡಾಂಟ್‌ಗಳಿಗೇ. ಅದೂ ಎಲ್ಲಕ್ಕೂ ಅಲ್ಲ. ಮೊದಮೊದಲಿನವಕ್ಕೆ ಇದ್ದದ್ದು ಬರೀ ದೊಡ್ಡ ಹಲ್ಲು. ನಿಮ್ಮ ಪ್ಲಾಸೀರಿಯಸ್‌ನ ಬಾಯಿಂದ ಇಳಿದಿರುವುದನ್ನೂ ಸರಿಯಾಗಿ ನೋಡಿ. ಅದರಲ್ಲಿ ದಂತಕ್ಕಿಂತ ಮೇಲ್ದವಡೆಯ ಮೂಳೆಯ ಚಾಚೇ ಜಾಸ್ತಿ. ಬ್ರೆಜಿಲ್‌ನ ಸ್ಟಾಲೆಕೇರಿಯಾ, ಅರ್ಜೆಂಟೀನಾದ ಇಷಿಗ್ವಲಾಸ್ಟಿಯಾ ಇವಕ್ಕಂತೂ ದಂತವೇ ಇಲ್ಲ. ಹೆಸರು ‘ಎರಡು ಕೋರೆ’, ಬಾಯಲ್ಲಿ ಒಂದೂ ಇಲ್ಲ!

ಈಗ ನಮ್ಮ ಕಥಾನಾಯಕ. ದಕ್ಷಿಣ ಪೋಲೆಂಡ್‌ನ ಸಿಲೇಸಿಯಾ ಸೀಮೆಯಲ್ಲಿ ಲಿಸೊವಿತ್ಸೆ ಅಂತ ಒಂದು ಹಳ್ಳಿ. ಅಲ್ಲಿ ಇಟ್ಟಿಗೆಗೆ ಜೇಡಿಮಣ್ಣು ತೆಗೆಯುವ ಗುಂಡಿ. 2005ರ ಸುಮಾರಿಗೆ ಆ ಮಣ್ಣಿನಲ್ಲಿ ಮೂಳೆ ಚೂರುಗಳು ಕಂಡವು. ಥೋಮಾಷ್ ಸುಲೇಯ್ ಮತ್ತು ಗ್ಜೆಗೊಷ್ ನೆಜ್‌ವೆಡ್‌ಸ್ಕಿ ಅನ್ನುವ ವಿಜ್ಞಾನಿಗಳು ವರ್ಷಗಟ್ಟಲೆ ಅಗೆದು, ಜೋಡಿಸಿ, 2018ರ ನವೆಂಬರ್‌ನಲ್ಲಿ ಲಿಸೊವಿಸಿಯಾ ಬೋಯಾನಿ ಅಂತ ಹೆಸರಿಟ್ಟು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೊದಲ ಪದ ಹಳ್ಳಿಯ ಹೆಸರು. ಎರಡನೆಯದು ಲುಡ್‌ವಿಗ್ ಹೈನ್ರಿಕ್ ಬೋಯಾನಸ್ ಅನ್ನುವ ಅಂಗರಚನಾ ಶಾಸ್ತ್ರಜ್ಞನದು. ಇನ್ನೂರು ವರ್ಷದ ಹಿಂದೆ ವಿಲ್ನಿಯಸ್‌ನಲ್ಲಿ ಪಾಠ ಹೇಳುತ್ತಿದ್ದವರು. ದನಗಳ ಕಾಡು ಪೂರ್ವಜನಿಗೆ ವೈಜ್ಞಾನಿಕ ಹೆಸರಿಟ್ಟವರು ಇವರೇ. ಆಮೆಯನ್ನು ಇಂಚಿಂಚು ಕೊಯ್ದು ಚಿತ್ರ ಬರೆದು ಹೆಸರಾದವರೂ ಹೌದು. ಆಮೆಬಾಯಿಯ ಪ್ರಾಣಿಗೆ ಆಮೆ ಪಂಡಿತನ ಹೆಸರು!

ಉದ್ದ ನಾಲ್ಕೂವರೆ ಮೀಟರ್, ಎತ್ತರ 2.6 ಮೀಟರ್. ಕಾಲ ಸುಮಾರು 21 ಕೋಟಿ ವರ್ಷದ ಹಿಂದೆ, ಟ್ರಯಾಸಿಕ್ ಯುಗ ಮುಗಿಯುತ್ತಾ ಬಂದಾಗ. ತೂಕದ ಬಗ್ಗೆ ಮಾತ್ರ ಹುಷಾರಾಗಿರಿ. ಇಂಟರ್ನೆಟ್ ತುಂಬ 9 ಟನ್ ಅಂತಲೇ ಇದೆ.

ಮೈಸೂರಿನಲ್ಲಿ ದಸರಾ ಆನೆಗಳನ್ನು ವರ್ಷವರ್ಷವೂ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಗುತ್ತಾರೆ. ಅಂಬಾರಿ ಹೊರುವ ಅಭಿಮನ್ಯುವಿನ ತೂಕ 5 ಟನ್ ದಾಟುತ್ತದೆ. ಅದು ತೂಕ. ಸತ್ತು 21 ಕೋಟಿ ವರ್ಷವಾದ ಪ್ರಾಣಿಯದ್ದು ಲೆಕ್ಕಾಚಾರ. ತೋಳಿನ ಮೂಳೆ, ತೊಡೆ ಮೂಳೆಗಳ ನಡುವಿನ ಸುತ್ತಳತೆಯನ್ನು ಟೇಪ್ ಹಿಡಿದು ಅಳೆಯುತ್ತಾರೆ. ಇವತ್ತಿನ ಪ್ರಾಣಿಗಳಲ್ಲಿ ಇಷ್ಟು ಸುತ್ತಳತೆಗೆ ಇಷ್ಟು ತೂಕ ಅಂತ ಒಂದು ಸೂತ್ರ ಇದೆ, ಅದಕ್ಕೆ ಹಾಕುತ್ತಾರೆ. ಮೂಳೆ ಮೈಗಿಂತ ದಪ್ಪವಾಗಿರುವ ಪ್ರಾಣಿಯಾದರೆ ಲೆಕ್ಕ ಉಬ್ಬಿಬಿಡುತ್ತದೆ. ಮೊದಲ ವರದಿಯ 9 ಟನ್ ಬಂದದ್ದು ಹೀಗೆ. ಆಮೇಲೆ ಇಟಲಿಯ ಇಬ್ಬರು ಕಂಪ್ಯೂಟರ್‌ನಲ್ಲಿ ಮೈಯನ್ನೇ ಕಟ್ಟಿ, ಅದರ ಗಾತ್ರದಿಂದ ತೂಕ ತೆಗೆದರು. ಸುಮಾರು 5ರಿಂದ 7 ಟನ್ ಬಂತು, ಸರಾಸರಿ 6ರ ಹತ್ತಿರ. ನನಗೆ ಇದೇ ಸರಿ ಅನಿಸುತ್ತದೆ. ಮೂರು ಟನ್ ಹೋಯಿತು ಅಂತ ಬೇಜಾರು ಬೇಡ. ಆಗಲೂ ಅದು ಅಂಬಾರಿ ಆನೆಯ ತೂಕದ ಪ್ರಾಣಿಯೇ. ಎತ್ತರದಲ್ಲಿ ಕೊಂಚ ಕಮ್ಮಿ, ಅಷ್ಟೇ.

ನನ್ನನ್ನು ಕೇಳಿದರೆ ತೂಕಕ್ಕಿಂತ ದೊಡ್ಡ ಸುದ್ದಿ ಅದರ ಮುಂಗಾಲು. ಗರಡಿ ಮನೆಯಲ್ಲಿ ದಂಡ ಹೊಡೆಯುವವರನ್ನು ನೋಡಿದ್ದೀರಲ್ಲ? ಮೊಣಕೈ ಹೊರಕ್ಕೆ ಬಾಗಿಸಿ ಅರ್ಧಕ್ಕೆ ಇಳಿದು ಅಲ್ಲೇ ನಿಲ್ಲಲು ಹೇಳಿ. ಅರ್ಧ ನಿಮಿಷಕ್ಕೇ ತೋಳು ನಡುಗುತ್ತದೆ. ಅದೇ ಕೈ ನೆಟ್ಟಗೆ ಮಾಡಿ ನಿಂತರೆ ಎಷ್ಟು ಹೊತ್ತಾದರೂ ನಿಲ್ಲಬಹುದು. ಬೇರೆ ಡೈಸಿನೊಡಾಂಟ್‌ಗಳದ್ದೆಲ್ಲ ಅರ್ಧ ದಂಡದ ಬಾಳು. ಹಿಂಗಾಲು ಸುಮಾರು ನೆಟ್ಟಗೆ, ಮುಂಗಾಲು ಮೊಣಕೈ ಹೊರಗೆ ಚಾಚಿ. ಲಿಸೊವಿಸಿಯಾ ಒಂದೇ ನಾಲ್ಕೂ ಕಾಲನ್ನು ಮೈ ಕೆಳಗೆ ಕಂಬದ ಹಾಗೆ ತಂದುಕೊಂಡಿತು. ಭುಜದ ಕೀಲು, ತೋಳಿನ ಮೂಳೆ ನೋಡಿ ಇದನ್ನು ಹೇಳಿದರು. ಹಾಗೆ ನಿಲ್ಲದೆ ಅಷ್ಟು ಭಾರ ಹೊರುವುದು ಕಷ್ಟ. ಮೂಳೆಯನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಬೇಗ ಬೇಗ ಬೆಳೆದ ಪ್ರಾಣಿಯ ಗುರುತೇ ಕಂಡಿತು. ಹಲ್ಲಿಯ ಹಾಗೆ ನಿಧಾನದ ಬೆಳವಣಿಗೆ ಅಲ್ಲ.

ಅದೇ ಗುಂಡಿಯಲ್ಲಿ ಲದ್ದಿಯೂ ಸಿಕ್ಕಿದೆ, ಕಲ್ಲಾಗಿರುವ ಲದ್ದಿ. ನಗಬೇಡಿ, ನಮ್ಮ ಕಸುಬಿನಲ್ಲಿ ಇದಕ್ಕೆ ಮೂಳೆಯಷ್ಟೇ ಬೆಲೆ. ಡೈಸಿನೊಡಾಂಟ್‌ನದ್ದಿರಬೇಕು ಅಂದುಕೊಂಡಿರುವ ಲದ್ದಿಯಲ್ಲಿ ಸೂಜಿ ಎಲೆಯ ಮರಗಳ ಚೂರುಗಳಿವೆ. ಇನ್ನೊಂದು ಬಗೆಯದ್ದರಲ್ಲಿ ಪುಡಿಯಾದ ಮೂಳೆಗಳಿವೆ, ಜೊತೆಗೆ ಗರಗಸದಂಥ ಅಂಚಿನ ಹಲ್ಲಿನ ತುಂಡುಗಳೂ ಇವೆ. ಇದು ‘ಸ್ಮೋಕ್’ ಅನ್ನುವ ಬೇಟೆಗಾರನದ್ದು. ಐದಾರು ಮೀಟರ್ ಉದ್ದದ ಪ್ರಾಣಿ. ಮೂಳೆ ಅಗಿಯುವಾಗ ಮುರಿದ ತನ್ನ ಹಲ್ಲನ್ನು ತಾನೇ ನುಂಗಿದೆ. ಪೋಲಿಷ್ ಭಾಷೆಯಲ್ಲಿ ಸ್ಮೋಕ್ ಅಂದರೆ ಡ್ರ್ಯಾಗನ್. ಕ್ರಾಕೋವ್ ಊರಿನ ವಾವೆಲ್ ಗುಡ್ಡದ ಗವಿಯಲ್ಲಿ ಡ್ರ್ಯಾಗನ್ ಇತ್ತು ಅಂತ ಅಲ್ಲೊಂದು ಹಳೇ ಕಥೆ. ಅದಕ್ಕೇ ಇದರ ಪೂರ್ತಿ ಹೆಸರು ಸ್ಮೋಕ್ ವಾವೆಲ್‌ಸ್ಕಿ.

ಲಿಸೊವಿಸಿಯಾ ಬಂದು ಪಾಠಪುಸ್ತಕದ ಒಂದು ಕಥೆಯನ್ನು ಕೆಡಿಸಿತು. ಆ ಕಥೆ ಹೀಗಿತ್ತು: ಟ್ರಯಾಸಿಕ್ ಕೊನೆಗೆ ಡೈನೋಸಾರ್‌ಗಳು ದೊಡ್ಡದಾಗುತ್ತಾ ಬಂದವು, ನಮ್ಮ ಕಡೆಯವರು ಸೋತು ಇಲಿಗಾತ್ರಕ್ಕೆ ಇಳಿದು ಬಿಲ ಸೇರಿದರು. ನಮ್ಮ ನೇರ ಪೂರ್ವಜರ ಮಟ್ಟಿಗೆ ಇದು ನಿಜ. ಆದರೆ ಪಕ್ಕದ ಜರ್ಮನಿಯಲ್ಲಿ ಪ್ಲಾಟಿಯೊಸಾರಸ್‌ನಂಥ ಉದ್ದ ಕತ್ತಿನ ಡೈನೋಸಾರ್‌ಗಳು ಮೇಯುತ್ತಿದ್ದ ಯುಗದಲ್ಲೇ, ಪೋಲೆಂಡ್‌ನಲ್ಲಿ ನಮ್ಮ ದಾಯಾದಿ ಆನೆಯಷ್ಟಾಗಿ ನಿಂತಿತ್ತು. ದೈತ್ಯರಾಗುವುದು ಡೈನೋಸಾರ್‌ಗಳ ಗುತ್ತಿಗೆ ಏನಲ್ಲ. ಸುಮ್ನೆ ಅಷ್ಟು ದಿನ ಆ ಮಣ್ಣಿನ ಗುಂಡಿಗೆ ಯಾರೂ ಇಳಿದಿರಲಿಲ್ಲ.

ಇನ್ನು ನಿಮ್ಮ ಕೊನೇ ಪ್ರಶ್ನೆ. ಭಾರತದಲ್ಲಿ ಇವು ಇದ್ದವು, ಚೆನ್ನಾಗಿಯೇ ಇದ್ದವು. 25.2 ಕೋಟಿ ವರ್ಷದ ಹಿಂದೆ, ಪರ್ಮಿಯನ್ ಮುಗಿಯುವಾಗ, ಭೂಮಿಯ ಮೇಲೆ ಅತಿ ದೊಡ್ಡ ಸಾಮೂಹಿಕ ಸಾವು ಆಯಿತು. ಡೈಸಿನೊಡಾಂಟ್‌ಗಳಲ್ಲೂ ಬೆರಳೆಣಿಕೆಯಷ್ಟು ವಂಶ ಮಾತ್ರ ಬದುಕಿದವು. ಅದರಲ್ಲಿ ಒಂದು ಲಿಸ್ಟ್ರೊಸಾರಸ್, ಹಂದಿಗಾತ್ರದ್ದು. ಬೇರೆಯವರೆಲ್ಲ ಹೋದಮೇಲೆ ಖಾಲಿ ಊರಿನಲ್ಲಿ ಇದು ಸಿಕ್ಕಾಪಟ್ಟೆ ಹೆಚ್ಚಿತು. ದಕ್ಷಿಣ ಆಫ್ರಿಕಾದಲ್ಲಿ ಆ ಕಾಲದ ಪದರದಲ್ಲಿ ಸಿಗುವ ಮೂಳೆಗಳಲ್ಲಿ ಬಹುಪಾಲು ಇದರದ್ದೇ. ಪಶ್ಚಿಮ ಬಂಗಾಳದ ರಾಣಿಗಂಜ್ ಕಲ್ಲಿದ್ದಲು ಸೀಮೆಯ ಪಂಚೇತ್ ಪದರದಲ್ಲೂ ಸಿಕ್ಕಿತು. ಟಿ.ಎಚ್. ಹಕ್ಸ್‌ಲಿ 1865ರಲ್ಲೇ ಅದನ್ನು ವಿವರಿಸಿದ್ದಾರೆ. 1969ರಲ್ಲಿ ಅಂಟಾರ್ಕ್ಟಿಕಾದಲ್ಲೂ ಸಿಕ್ಕಾಗ ದೊಡ್ಡ ಸುದ್ದಿಯಾಯಿತು. ಈ ಗಿಡ್ಡ ಕಾಲಿನ ಪ್ರಾಣಿ ಸಮುದ್ರ ಈಜಿಕೊಂಡು ಅಲ್ಲಿಗೆ ಹೋಗಿರಲು ಸಾಧ್ಯವಿಲ್ಲ. ಆಫ್ರಿಕಾ, ಭಾರತ, ಅಂಟಾರ್ಕ್ಟಿಕಾ ಒಂದಕ್ಕೊಂದು ಅಂಟಿಕೊಂಡಿದ್ದವು ಅನ್ನುವುದಕ್ಕೆ ಇದು ಒಳ್ಳೇ ಸಾಕ್ಷಿಯಾಯಿತು.

ನಮಗೆ ಹತ್ತಿರದ್ದು ತೆಲಂಗಾಣದ ಪ್ರಾಣಹಿತಾ–ಗೋದಾವರಿ ಕಣಿವೆ. ಅಲ್ಲಿನ ಯೆರ್ರಪಲ್ಲಿ ಪದರದ ಕೆಂಪು ಮಣ್ಣುಗಲ್ಲಿನಲ್ಲಿ ಎರಡು ದೊಡ್ಡ ಡೈಸಿನೊಡಾಂಟ್‌ಗಳು ಸಿಕ್ಕವು: ವಾಡಿಯಾಸಾರಸ್ ಮತ್ತು ರೆಕ್ನಿಸಾರಸ್. 1970ರಲ್ಲಿ ತಪನ್ ರಾಯ್ ಚೌಧುರಿ ಹೆಸರಿಟ್ಟರು. ಮೊದಲನೆಯದು ಭೂವಿಜ್ಞಾನಿ ಡಿ.ಎನ್. ವಾಡಿಯಾ ಅವರ ನೆನಪಿಗೆ. ವಾಡಿಯಾಸಾರಸ್‌ನ ಹಲವು ಪ್ರಾಣಿಗಳ ಮೂಳೆ ಒಂದೇ ಕಡೆ ಗುಡ್ಡೆಯಾಗಿ ಸಿಕ್ಕಿದ್ದರಿಂದ ಇವು ಮಂದೆಯಲ್ಲಿ ಬಾಳುತ್ತಿದ್ದವು ಅನ್ನುತ್ತಾರೆ. ಈ ಕೆಲಸವೆಲ್ಲ ನಡೆದದ್ದು ಕೋಲ್ಕತ್ತಾದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ. ಅಂಕಿಸಂಖ್ಯೆ ಕಲಿಸುವ ಜಾಗದಲ್ಲಿ ಮೂಳೆಗೇನು ಕೆಲಸ ಅಂತೀರಾ? ಅದನ್ನು ಕಟ್ಟಿದ ಮಹಲನೋಬಿಸ್ ಅವರಿಗೆ ಎಲ್ಲದರ ಮೇಲೂ ಕುತೂಹಲ. ಲಂಡನ್ನಿನಿಂದ ಪಮೇಲಾ ರಾಬಿನ್ಸನ್ ಅವರನ್ನು ಕರೆಸಿ 1957ರಲ್ಲಿ ಭೂವಿಜ್ಞಾನ ವಿಭಾಗವನ್ನೇ ಶುರು ಮಾಡಿಸಿದರು. ಆ ಕಡೆ ಹೋದರೆ ಅಲ್ಲಿನ ಮ್ಯೂಸಿಯಂ ನೋಡಿ. ಗೋದಾವರಿ ಕಣಿವೆಯದೇ ಬರಾಪಾಸಾರಸ್ ಅನ್ನುವ ಡೈನೋಸಾರ್‌ನ ಅಸ್ಥಿಪಂಜರ ನಿಲ್ಲಿಸಿದ್ದಾರೆ. ಮಗಳಿಗೆ ಎರಡು ಕುಲದ ವ್ಯತ್ಯಾಸ ತೋರಿಸಲು ಅದಕ್ಕಿಂತ ಒಳ್ಳೇ ಜಾಗ ನಮ್ಮ ದೇಶದಲ್ಲಿ ಕಮ್ಮಿ.

ಕರ್ನಾಟಕದಲ್ಲಿ? ಸಿಗುವುದಿಲ್ಲ. ಕಾರಣ ಸರಳ. ಮೂಳೆ ಉಳಿಯಬೇಕಾದರೆ ಪ್ರಾಣಿ ಸತ್ತ ಕಾಲದಲ್ಲೇ ಅದರ ಮೇಲೆ ಕೆಸರೋ ಮರಳೋ ಬಿದ್ದು ಮುಚ್ಚಬೇಕು. ಆ ಕೆಸರು ಕಲ್ಲಾಗಿ ಇವತ್ತಿನವರೆಗೂ ಉಳಿದಿರಬೇಕು. ನಮ್ಮಲ್ಲಿ ಟ್ರಯಾಸಿಕ್ ಕಾಲದ ಅಂಥ ಕಲ್ಲೇ ಇಲ್ಲ. ಲಾಲ್‌ಬಾಗ್‌ನ ಬಂಡೆಗೆ ಸುಮಾರು 300 ಕೋಟಿ ವರ್ಷ. ನಿಮ್ಮ ದಾವಣಗೆರೆ ಸುತ್ತಿನ ಬಂಡೆಗಳೂ 250 ಕೋಟಿ ವರ್ಷ ದಾಟಿದವು. ಬಾದಾಮಿಯ ಕೆಂಪು ಮರಳುಗಲ್ಲು ಮೂಳೆ ಅನ್ನುವುದು ಹುಟ್ಟುವ ಮೊದಲೇ ಕೂತದ್ದು. ಆಮೇಲೆ ಒಂದೇ ಜಿಗಿತಕ್ಕೆ ವಿಜಯಪುರ, ಕಲಬುರಗಿ ಕಡೆಯ ಕಪ್ಪುಗಲ್ಲಿಗೆ ಬರುತ್ತೇವೆ. ಅದು 6.6 ಕೋಟಿ ವರ್ಷದ ಹಿಂದಿನ ಲಾವಾ. ನಮಗೆ ಬೇಕಾದ 25ರಿಂದ 20 ಕೋಟಿ ವರ್ಷದ ಪುಟ ನಮ್ಮ ಪುಸ್ತಕದಲ್ಲಿ ಹರಿದುಹೋಗಿದೆ. ಪ್ರಾಣಿಗಳು ಇಲ್ಲೂ ಓಡಾಡಿರಬಹುದು. ಆದರೆ ಇದು ಆಗ ಸವೆಯುತ್ತಿದ್ದ ನೆಲ, ಹೂಳು ತುಂಬುತ್ತಿದ್ದ ತಗ್ಗಲ್ಲ.

ಅಷ್ಟಾದರೂ ಒಂದು ಸಣ್ಣ ಸಂಬಂಧ ಇದೆ. ರಾಯಚೂರಿನ ಥರ್ಮಲ್ ಸ್ಥಾವರಕ್ಕೆ ಸಿಂಗರೇಣಿಯ ಕಲ್ಲಿದ್ದಲು ಬರುತ್ತದೆ. ಅದು ಅದೇ ಗೋದಾವರಿ ಕಣಿವೆಯದು, ಪರ್ಮಿಯನ್ ಕಾಡುಗಳದ್ದು. ವಾಡಿಯಾಸಾರಸ್ ಇರುವ ಕೆಂಪು ಪದರ ಅದೇ ಕಣಿವೆಯಲ್ಲಿ ಅದಕ್ಕಿಂತ ಮೇಲಿದೆ. ಈ ಪ್ರಾಣಿಗಳ ಅಜ್ಜಂದಿರ ಕಾಲದ ಗಿಡಮರ ನಿಮ್ಮ ಮನೆಯ ಬಲ್ಬನ್ನು ಉರಿಸಿರಬಹುದು.

ನೀವು ಮುಂದೆ ಓದುವಾಗ ಎರಡು ಕಥೆ ಎದುರಾಗುತ್ತವೆ, ಹೇಳಿಬಿಡುತ್ತೇನೆ. ಒಂದು ಆಸ್ಟ್ರೇಲಿಯಾದ್ದು. ಕ್ವೀನ್ಸ್‌ಲ್ಯಾಂಡ್‌ನಲ್ಲಿ 1914ರಲ್ಲಿ ಸಿಕ್ಕ ಬುರುಡೆ ಚೂರುಗಳನ್ನು 2003ರಲ್ಲಿ ಇಬ್ಬರು ಮತ್ತೆ ನೋಡಿ, ಇದು ಡೈಸಿನೊಡಾಂಟ್, ಟ್ರಯಾಸಿಕ್ ಆದಮೇಲೂ ಹತ್ತು ಕೋಟಿ ವರ್ಷ ಆ ಮೂಲೆಯಲ್ಲಿ ಬದುಕಿತ್ತು ಅಂದರು. ಎಷ್ಟು ಚೆನ್ನಾಗಿದೆ ಕಥೆ! ನಾನೂ ನಂಬಿದ್ದೆ, ಪಾಠದಲ್ಲಿ ಹೇಳಿಯೂ ಇದ್ದೆ. ಆಮೇಲೆ ಬೇರೆಯವರು ಪರೀಕ್ಷಿಸಿದಾಗ ಅದು ಹೆಚ್ಚೆಂದರೆ ಕೆಲವು ದಶಲಕ್ಷ ವರ್ಷಗಳ ಹಿಂದಿನ ಯಾವುದೋ ದೈತ್ಯ ಹೊಟ್ಟೆಚೀಲದ ಪ್ರಾಣಿಯ ಮೂಳೆ ಅನ್ನಿಸಿತು. ಕಾಂಗರೂ ಬಳಗದ್ದು. ಹಳೇ ವೆಬ್‌ಪುಟಗಳಲ್ಲಿ ಮೊದಲಿನ ಕಥೆಯೇ ಇದೆ, ನಂಬಬೇಡಿ.

ಇನ್ನೊಂದು ದಕ್ಷಿಣ ಆಫ್ರಿಕಾದ್ದು. ಸಾನ್ ಜನ ಬಂಡೆಯ ಮೇಲೆ 1835ಕ್ಕೂ ಮೊದಲು ಬರೆದ ಒಂದು ಚಿತ್ರದಲ್ಲಿ ಉದ್ದ ಮೈಯ, ಕೆಳಕ್ಕೆ ಬಾಗಿದ ಕೋರೆಯ ಪ್ರಾಣಿ ಇದೆ. ಅಲ್ಲಿ ನೆಲದ ಮೇಲೇ ಡೈಸಿನೊಡಾಂಟ್ ಬುರುಡೆಗಳು ಬಿದ್ದಿರುತ್ತವೆ. ಅವನ್ನು ನೋಡಿ ಬರೆದಿರಬೇಕು, ಓವನ್‌ಗಿಂತ ಹತ್ತು ವರ್ಷ ಮೊದಲೇ ಅವರಿಗೆ ಈ ಪ್ರಾಣಿ ಗೊತ್ತಿತ್ತು ಅಂತ 2024ರಲ್ಲಿ ಜೂಲಿಯೆನ್ ಬೆನ್ವಾ ವಾದಿಸಿದರು. ಚಿತ್ರ ನೋಡಿ ಪ್ರಾಣಿ ಗುರುತಿಸುವ ವಾದಗಳ ಬಗ್ಗೆ ನನಗೆ ಸಾಮಾನ್ಯವಾಗಿ ಅನುಮಾನ ಜಾಸ್ತಿ. ಆದರೆ ಆ ಸೀಮೆಯಲ್ಲಿ ಮೂಳೆಗಳು ಎಷ್ಟು ಸುಲಭವಾಗಿ ಕಣ್ಣಿಗೆ ಬೀಳುತ್ತವೆ ಅನ್ನುವುದನ್ನು ನೆನೆದರೆ, ಇದನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲೂ ಆಗುವುದಿಲ್ಲ.

ಡೈಸಿನೊಡಾಂಟ್‌ಗಳ ಕಥೆ ಟ್ರಯಾಸಿಕ್ ಜೊತೆಗೇ ಮುಗಿಯಿತು. 20.1 ಕೋಟಿ ವರ್ಷದ ಹಿಂದೆ, ಅಟ್ಲಾಂಟಿಕ್ ಸಾಗರ ಬಾಯಿ ಬಿಡುತ್ತಿದ್ದಾಗ ಉಕ್ಕಿದ ಲಾವಾದ ಹೊತ್ತಿಗೆ ಮತ್ತೊಂದು ಸಾಮೂಹಿಕ ಸಾವು ಆಯಿತು. ಅದರಾಚೆಯ ಪದರದಲ್ಲಿ ಇವುಗಳ ಮೂಳೆ ಇಲ್ಲ.

ಮಗಳಿಗೆ ಹೇಳಲು ಕೊನೆಯದೊಂದು. ಲಿಸೊವಿತ್ಸೆಯ ಅದೇ ಇಟ್ಟಿಗೆ ಗುಂಡಿಯ ಮಣ್ಣಿನಲ್ಲಿ 2014ರಲ್ಲಿ ಇನ್ನೊಂದು ವಸ್ತುವನ್ನೂ ಗುರುತಿಸಿದರು. ಒಂದು ಹಲ್ಲು. ಅಕ್ಕಿ ಕಾಳಿಗಿಂತ ಚಿಕ್ಕದು, ಮೇಲೆ ಸಾಲಾಗಿ ಸಣ್ಣ ಸಣ್ಣ ಮೊನೆಗಳು. ಮೂಗಿಲಿಯಷ್ಟು ದೊಡ್ಡ ಪ್ರಾಣಿಯದು, ಸೈನೊಡಾಂಟ್ ಕವಲಿನದು, ಅಂದರೆ ನಮ್ಮ ಕಡೆಯದು. ಲಿಸೊವಿಸಿಯಾ ಹೆಜ್ಜೆ ಇಟ್ಟಾಗ ಅದು ಓಡಿಹೋಗಿ ಬಿಲ ಸೇರಿಕೊಳ್ಳುತ್ತಿತ್ತೇನೋ.